ನೀಸ್ ದಡದ ಕಲ್ಲುಗಳ ಮೇಲೆ ಅತ್ತೆ

ಸೇಲಂನಿಂದ ಕೈಮಗ್ಗದ ಪ್ರದರ್ಶನಕ್ಕೆಂದು ಫ್ರಾನ್ಸಿಗೆ ಬಂದ ನನಗೂ ನನ್ನ ಸೋದರತ್ತೆಗೂ ಇವತ್ತು ರಜೆ. ನೀಸ್ ಊರಿನ ಕಡಲ ದಡದಲ್ಲಿ ಕೂತಿದ್ದೇವೆ. ಇಲ್ಲಿ ಮರಳೇ ಇಲ್ಲ, ಬರೀ ಮುಷ್ಟಿ ಗಾತ್ರದ ನುಣುಪು ಕಲ್ಲು. ಬಿಸಿಲಿಗೆ ಮೈಯೊಡ್ಡಿ ಮಲಗಿದವರು ನೀರಿಗಿಳಿಯಬೇಕಾದರೆ ರಬ್ಬರ್ ಶೂ ಹಾಕಿಕೊಳ್ಳುತ್ತಾರೆ. ನಲವತ್ತು ವರ್ಷ ಬರಿಗಾಲಲ್ಲಿ ಗುಂಡಿಮಗ್ಗ ತುಳಿದ ಅತ್ತೆ ಮಾತ್ರ ಚಪ್ಪಲಿ ಬಿಟ್ಟು, ಅಂಗಳದಲ್ಲಿ ಓಡಾಡಿದಂತೆ ಓಡಾಡಿದಳು.

ಮಧ್ಯಾಹ್ನ, ಈಜಿ ಮೇಲೆ ಬರುತ್ತಿದ್ದ ಮುದುಕಿಯೊಬ್ಬಳು ನೀರಿನ ಅಂಚಿನಲ್ಲಿ ಜಾರಿ ಬಿದ್ದಳು. ಏಳಲು ಹೋದಾಗಲೆಲ್ಲ ಕಾಲಡಿಯ ಕಲ್ಲು ಉರುಳಿ, ಅಲೆ ಅವಳನ್ನು ಮತ್ತೆ ಒಳಗೆಳೆಯುತ್ತಿತ್ತು. ನಾನು ಎದ್ದು ನಿಲ್ಲುವಷ್ಟರಲ್ಲಿ ಅತ್ತೆ ಸೊಂಟದವರೆಗೆ ನೀರಿನಲ್ಲಿದ್ದಳು.

"ಕೈ ಕೊಡಕ್ಕಾ, ಬಯಪಡಬ್ಯಾಡ! ಗಟ್ಟಿಯಾಗಿ ಇಡ್ಕೊ!"

ಇಬ್ಬರೂ ಮೇಲೆ ಬಂದರು. ಈಜುವವರನ್ನು ಕಾಯುವ ದಡದ ಕಾವಲಿನವನು ಓಡಿ ಬಂದು ಮುದುಕಿಯ ತರಚಿದ ಮಂಡಿಗೆ ಪಟ್ಟಿ ಕಟ್ಟಿ ಹೋದ. ಅವಳು ನಡುಗುತ್ತಾ ಫ್ರೆಂಚಿನಲ್ಲಿ ಏನೇನೋ ಹೇಳಿದಳು. ಅತ್ತೆ "ಪರವಾಯಿಲ್ಲೆ, ಪರವಾಯಿಲ್ಲೆ" ಎನ್ನುತ್ತಾ ಟವಲ್ ಹೊದಿಸಿ ಪಕ್ಕದಲ್ಲೇ ಕೂತಳು.

"ಏನಂತೆ ಅತ್ತೆ?" ಎಂದೆ.

"ನಂಗೇನು ಗೊತ್ತು? ಜೊತೇಲಿ ಯಾರೂ ಇಲ್ಲ ಅನ್ನಿಸ್ತೈತೆ."

ಮುದುಕಿ ಅತ್ತೆಯ ಕೈ ಹಿಡಿದುಕೊಂಡೇ ಮಲಗಿ ನಿದ್ದೆಹೋದಳು.

"ಅತ್ತೆ, ವಾಪಸ್ ಓಗೋ ಟ್ರೈನ್‌ಗೆ ಒತ್ತಾಯ್ತು."

"ಕೈ ಬುಟ್ರೆ ಎದ್ಬುಡ್ತಾಳೆ ಕಣೆ. ಇನ್ನೊಂದು ಟ್ರೈನ್ ಐತಾ ನೋಡು."

ಫೋನಿನಲ್ಲಿ ನೋಡಿದೆ. ಆರೂವರೆಗೆ ಒಂದಿದೆ. ಅತ್ತೆಯ ಸೀರೆ ಮೈಮೇಲೇ ಒಣಗುತ್ತಿದೆ.