ಟೀ, ರಮಿಸು!

ಇದು ಪದರಪದರವೂ ನಿಜವಾದ ಕತೆ. ಅನುಮಾನವಿದ್ದವರು ಚಮಚ ಇಳಿಸಿ ನೋಡಬಹುದು.

ಬೇಕರಿಯ ಶಟರ್ ಇನ್ನೂ ಅರ್ಧವೇ ಎದ್ದಿದೆ. ಹಿಂದಿನ ಕೋಣೆಯಲ್ಲಿ ಟೀಯಕ್ಕ ಏಲಕ್ಕಿ, ಲವಂಗ, ಚಕ್ಕೆ ಜಜ್ಜುತ್ತಿದ್ದಾರೆ. ಇಲ್ಲಿ ಎಲ್ಲರ ಕಣ್ಣು ತೆರೆಸುವುದು ಇವರ ಟೀ. ಇವರತ್ತ ಕಣ್ಣು ತೆರೆದವರು ಕಡಿಮೆ. ಪಕ್ಕದ ಪಾತ್ರೆಯಲ್ಲಿ ಹಾಲಿಲ್ಲದೆ ಕಪ್ಪಗೆ ಕುದಿಯುತ್ತಿರುವ ಟೀ ಡಿಕಾಕ್ಷನ್ ಮಾತ್ರ ಕುಡಿಯುವುದಕ್ಕಲ್ಲ, ತಿನ್ನುವುದಕ್ಕೆ.

ಎಲ್ಲ ಶುರುವಾದದ್ದು ಕಿವಿಯ ಎಡವಟ್ಟಿನಿಂದ. ಈ ಬೇಕರಿಯ ಹೆಮ್ಮೆ ಟಿರಾಮಿಸು: ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಮೇಲೆ ಕೆನೆ, ಮತ್ತೆ ಬಿಸ್ಕತ್ತು, ಮತ್ತೆ ಕೆನೆ, ನೆತ್ತಿಗೆ ಕೋಕೋ ಪುಡಿ. ಅದನ್ನು ಮಾಡುವ ದೊಡ್ಡಣ್ಣ, ವಯಸ್ಸಿಗೂ ಹೊಟ್ಟೆಗೂ ದೊಡ್ಡಣ್ಣನೇ, ಜ್ವರ ಬಂದು ಮಲಗಿದ ದಿನ ಫೋನ್ ಮಾಡಿದರು. ಟೀಯಕ್ಕ ಕೆಲಸಕ್ಕೆ ಸೇರಿದ ಹೊಸತು. ಜ್ವರಕ್ಕೆ ಕಟ್ಟಿದ್ದ ದೊಡ್ಡಣ್ಣನ ದನಿಯನ್ನು ಅವರು ಈಗಲೂ ಮೂಗು ಹಿಡಿದು ಹಾಗೇ ಅಣಕಿಸುತ್ತಾರೆ: "ಬಿಸ್ಕತ್ ಅದ್ದು, ಕೆನೆ ಹಚ್ಚು... ಟೀ... ರಮಿಸು... ಮಾಡಮ್ಮಾ."

"ಟೀ ಅಂದ್ರು, ಟೀಲಿ ಅದ್ದಿದೆ. ರಮಿಸು ಅಂದ್ರು, ತಿಂದೋರು ರಮಿಸ್ಲಿ ಅಂತ ಮಸಾಲೆನೂ ಹಾಕ್ದೆ. ನಂದೇನ್ ತಪ್ಪು?"

ತಿಂದವರು ರಮಿಸಿದರು. ದೊಡ್ಡಣ್ಣ ಮಾತ್ರ ಜ್ವರ ಇಳಿದ ಮೇಲೂ ಬಿಸಿಯಾಗೇ ಇದ್ದರು. "ಟೀ ಲೋಟದಲ್ಲಿರ್ಬೇಕು, ನೀನು ಒಲೆ ಮುಂದೆ ಇರ್ಬೇಕು" ಎಂದು ಬಟ್ಟಲನ್ನು ಮೂಸಿಯೂ ನೋಡದೆ ವಾಪಸ್ ಕಳಿಸಿದರು. ಮುಂಭಾಗದ ಗಾಜಿನ ಪೆಟ್ಟಿಗೆಯಲ್ಲಿ ಏನಿರಬೇಕೆಂಬುದರಲ್ಲಿ ಅವರದೇ ಕೊನೆಯ ಮಾತು.

ಗಂಡ ತೀರಿಕೊಂಡ ಮೇಲೆ ಬಸ್ ನಿಲ್ದಾಣದಲ್ಲಿ ಫ್ಲಾಸ್ಕ್ ಹೊತ್ತು ಟೀ ಮಾರಿ ಮಗಳನ್ನು ಬೆಳೆಸಿದವರು ಟೀಯಕ್ಕ. ಒಂದು ಮಾತಿಗೆ ಕುಗ್ಗುವ ಪೈಕಿಯಲ್ಲ. ಕೆಲಸ ಮುಗಿದ ಮೇಲೆ ನಿಂತು ಹದ ಹುಡುಕಿದರು. "ಬಿಸಿ ಟೀಗೆ ಬಿದ್ರೆ ಬಿಸ್ಕತ್ತು ಗಂಜಿ. ಆರಿಸ್ಕೋಬೇಕು. ಮುಳುಗಿಸ್ಬಾರ್ದು, ಮಗೂಗೆ ಮುಖ ತೊಳೆಸ್ದಂಗೆ ತೊಳೆಸಿ ಎತ್ಬೇಕು." ಅವರ ಆಸೆಯೂ ಅಷ್ಟೇ ಹಗುರ: "ಆ ಪೆಟ್ಟಿಗೇಲಿ ಒಂದ್ ಮೂಲೆ ಸಾಕು. ನಾನ್ ಮಾಡಿದ್ದನ್ನ ರಸ್ತೇಲಿ ಹೋಗೋರು ನಿಂತು ನೋಡ್ಬೇಕು."

ಇವತ್ತು, ಅರ್ಧ ಎದ್ದ ಶಟರ್ ಕೆಳಗೆ ಬಗ್ಗಿ ದೊಡ್ಡಣ್ಣ ಬರುತ್ತಾರೆ. ಟೀಯಕ್ಕ ಮುಖ ಸಪ್ಪೆ ಮಾಡಿಕೊಂಡು, ಕೋಕೋ ಉದುರಿಸಿದ ಬಟ್ಟಲೊಂದನ್ನು ಮುಂದಿಡುತ್ತಾರೆ. "ಅಣ್ಣಾ, ನೀವು ನಿನ್ನೆ ಮಾಡಿದ್ದು ಕೆಟ್ಟಿದೆ ಅಂತಿದಾರೆ. ಸ್ವಲ್ಪ ನೋಡ್ತೀರಾ?"

"ನನ್ ಕೈದು ಕೆಡತ್ತಾ?" ಚಮಚ ಇಳಿಯುತ್ತದೆ. ಇನ್ನೊಂದು. ಮತ್ತೊಂದು. ಬಟ್ಟಲಿನ ತಳ ಕಾಣುತ್ತದೆ. "ಯಾವನಮ್ಮಾ ಹಂಗಂದೋನು? ಈ ಏಲಕ್ಕಿ ಘಮ ನೋಡು! ಬೇರೆ ಯಾರ್ ಕೈಲಾಗತ್ತೆ ಇದು?"

"ನೀವ್ ಯಾವಾಗಿಂದ ಏಲಕ್ಕಿ ಹಾಕೋಕೆ ಶುರು ಮಾಡಿದ್ರಿ ಅಣ್ಣಾ?"

ಚಮಚ ಗಾಳಿಯಲ್ಲೇ ನಿಲ್ಲುತ್ತದೆ. ಟೀಯಕ್ಕ ಮೂಗು ಹಿಡಿದು, ಅವರದೇ ದನಿಯಲ್ಲಿ: "ಟೀ... ರಮಿಸು... ಮಾಡಮ್ಮಾ."

ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದ ಕೆಲಸದವರು ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಳ್ಳುತ್ತಾರೆ. ದೊಡ್ಡಣ್ಣ ಬಟ್ಟಲನ್ನೊಮ್ಮೆ, ಟೀಯಕ್ಕನನ್ನೊಮ್ಮೆ ನೋಡುತ್ತಾರೆ. ನಗುವಿಗೆ ಮೊದಲು ಅಲುಗುವುದು ಹೊಟ್ಟೆ. ಎದ್ದು ಹೋಗಿ, ಗಾಜಿನ ಪೆಟ್ಟಿಗೆಯ ಮಧ್ಯದಲ್ಲಿದ್ದ ತಮ್ಮ ಟ್ರೇಯನ್ನು ಪಕ್ಕಕ್ಕೆ ತಳ್ಳುತ್ತಾರೆ.

"ಇಡಮ್ಮಾ ಇಲ್ಲಿ. ಆದ್ರೆ ಹೆಸರಿಟ್ಟೋನು ನಾನು, ನೆನಪಿರ್ಲಿ!"

ಶಟರ್ ಪೂರ್ತಿ ಏಳುತ್ತದೆ. ದೊಡ್ಡಣ್ಣನ ನಗುವಿನಲ್ಲಿ ಅದರ ಸದ್ದು ಯಾರಿಗೂ ಕೇಳಿಸುವುದಿಲ್ಲ.