ಒಳಗೆ ಬಿಟ್ಟ ಬಟ್ಟೆ

ಎಪ್ಪತ್ತರ ದಶಕದ ಕೊನೆಯಲ್ಲಿ, ಗುಬ್ಬಿಯ ನಮ್ಮ ಪಕ್ಕದ ಮನೆಯಲ್ಲಿ ರವಿಕೆ ಹೊಲಿಯುವಾಕೆ ಇದ್ದರು. ಸೂಜಿಯನ್ನು ತುಟಿಯಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದರು. ಪ್ರತಿ ರವಿಕೆಯ ಪಕ್ಕಕ್ಕೂ ಎರಡು ಬೆರಳಗಲ ಬಟ್ಟೆಯನ್ನು ಒಳಗೆ ಮಡಿಸಿ, ಅಂಚಿನ ಹೊಲಿಗೆಯಲ್ಲದೆ ಇನ್ನೂ ಎರಡು ಸಾಲು ಹೊಲಿಗೆ ಹಾಕುತ್ತಿದ್ದರು. ಕೊಡುವಾಗ ಅದೇ ಮಾತು: “ಒಳಗೆ ಬಟ್ಟೆ ಬಿಟ್ಟಿದೀನಿ. ಬಿಗಿಯಾದ್ರೆ ಒಂದು ಹೊಲಿಗೆ ಬಿಚ್ಕೊಳ್ಳಿ.”

ಒಂದು ಬೆಳಿಗ್ಗೆ ತಮ್ಮದೇ ರವಿಕೆಯ ಎಡ ಕಂಕುಳಿನ ಹೊಲಿಗೆ ಬಿಚ್ಚುತ್ತಾ ಕೂತಿದ್ದರು. ಬಲಗಡೆಯದು ಹಾಗೇ ಇತ್ತು.

“ಏನ್ರೀ, ಒಂದೇ ಕಡೆ ದಪ್ಪ ಆದ್ರಾ?” ಎಂದು ನಕ್ಕೆ.

“ಕುರು ಕಣಕ್ಕಾ. ಸುಣ್ಣ ಬೆಲ್ಲ ಹಾಕಿದೀನಿ. ಹಣ್ಣಾದ್ರೆ ತಾನೇ ಒಡೀತದೆ.”

“ನೋವಿದೆಯಾ?”

“ಒಂಚೂರೂ ಇಲ್ಲ. ನೋಯದೇ ಇರೋದಕ್ಕೆ ಯಾವ ಡಾಕ್ಟ್ರು? ಗಂಡಸಿನ ಮುಂದೆ ಕೈ ಎತ್ತಿ ಕೂತ್ಕೊಳ್ಳೋಕಾಯ್ತದಾ? ಬುಡಿ.”

ಅದು ಹಣ್ಣಾಗಲಿಲ್ಲ. ಗೌರಿ ಹಬ್ಬದ ರವಿಕೆಗಳು ಮುಗಿಯುವ ಹೊತ್ತಿಗೆ ಅವರ ರವಿಕೆಯ ಎರಡನೆಯ ಹೊಲಿಗೆಯೂ ಬಿಚ್ಚಿತ್ತು. ಯುಗಾದಿಗೆ ಎಡಗೈ ಊದಿ, ಮಿಷನ್ನಿಗೆ ಬಟ್ಟೆ ಕೊಡಲು ಆಗದಂತಾಯಿತು. ಆಗಷ್ಟೇ ತುಮಕೂರಿನ ಲೇಡಿ ಡಾಕ್ಟರ ಹತ್ತಿರ ನನ್ನ ಜೊತೆ ಬರಲು ಒಪ್ಪಿದರು.

ಡಾಕ್ಟರು ಕಂಕುಳು ಮುಟ್ಟಿ, ಎದೆಯನ್ನೂ ಪರೀಕ್ಷಿಸಿ, ಮೆಲ್ಲಗೆ ಹೇಳಿದರು: “ಕುರು ಆದ್ರೆ ನೋಯ್ತದೆ, ಒಡೆದು ವಾಸಿಯಾಗ್ತದೆ. ನೋಯದೆ ಕಲ್ಲಿನ ಥರ ಬೆಳೆಯೋ ಗಂಟನ್ನೇ ಬೇಗ ತೋರಿಸ್ಬೇಕಮ್ಮ. ಇದು ಎದೆಯಲ್ಲಿರೋ ಗಂಟಿನಿಂದ ಹರಡಿ ಬಂದಿದೆ. ತುಂಬಾ ತಡ ಆಗೋಯ್ತು.”

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಸೆರಗಿನೊಳಗೆ ಬಲಗೈ ಹಾಕಿ, ಎಡ ಕಂಕುಳಿನ ಅಂಚನ್ನು ಬೆರಳಲ್ಲಿ ತಡಕುತ್ತಲೇ ಇದ್ದರು.

“ಇನ್ನು ಬಿಚ್ಚೋಕೆ ಬಟ್ಟೆ ಉಳಿದಿಲ್ಲ ಕಣಕ್ಕಾ” ಎಂದರು.