ಮುರಿಯದ ಕೈಗೆ ಪ್ಲಾಸ್ಟರ್

ಏಯ್, ಆ ಕಡೆ ಹೋಗ್ತಿರೋರೇ! ಏನು ಅಷ್ಟೊಂದು ಅವಸರ? ರಸ್ತೆ ದಾಟಿ ಈ ಕಡೆ ಬನ್ನಿ, ಸುಣ್ಣದಕ್ಕನ ಕಥೆ ಹೇಳ್ತೀನಿ.

ಸುಣ್ಣದಕ್ಕ ಎಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕೈಕಾಲು ಮುರಿದವರಿಗೆ ಪ್ಲಾಸ್ಟರ್ ಹಾಕುವವಳು. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಉಳಿಯುತ್ತಿತ್ತು, ಅದಕ್ಕೇ ಆ ಹೆಸರು. ಅವಳದೊಂದು ರೂಢಿ. ನೋವಿರುವ ಕೈಯನ್ನು ಮೊದಲು ಮುಟ್ಟುತ್ತಿರಲಿಲ್ಲ. ಚೆನ್ನಾಗಿರುವ ಕೈ ಹಿಡಿದು, ಮನೆಯಲ್ಲಿ ಯಾರ್ಯಾರಿದ್ದಾರೆ, ನಿಮ್ಮಲ್ಲಿ ಜಗಳಗಂಟರು ಯಾರು ಎಂದೆಲ್ಲ ಮಾತಿಗೆಳೆದು, ಉಸಿರು ಹದಕ್ಕೆ ಬಂದ ಮೇಲೆ ಇನ್ನೊಂದು ಕೈಯ ಮೂಳೆಯುದ್ದಕ್ಕೂ ಹೆಬ್ಬೆರಳು ಆಡಿಸುತ್ತಿದ್ದಳು.

ಅವತ್ತು ಬೆಳಿಗ್ಗೆ ಶಾಸಕರ ಬಲಗೈ ಬಂಟ ಬಂದ, ಎಡಗೈಯನ್ನು ಟವೆಲ್ಲಿನಲ್ಲಿ ತೂಗುಹಾಕಿಕೊಂಡು.

ಹಿಂದಿನ ದಿನ ಶಾಸಕರ ಸಭೆಯಲ್ಲಿ ಸೈಕಲ್ ರಿಪೇರಿಯವನು ಎದ್ದು ನಿಂತು, "ಹೊಸ ರಸ್ತೆ ಎಲ್ಲಿದೆ ಸಾರ್? ಪಂಕ್ಚರ್ ಹಾಕಿ ಹಾಕಿ ನಾನು ಸಾಹುಕಾರ ಆಗ್ಬಿಟ್ಟೆ!" ಎಂದಿದ್ದ. ಜನ ಬಿದ್ದು ಬಿದ್ದು ನಕ್ಕಿದ್ದರು. ಈಗ ಅವನೇ ತನ್ನ ಕೈ ಮುರಿದ ಎಂದು ಬಂಟನ ದೂರು. ಪ್ಲಾಸ್ಟರ್ ಹಾಕಿದರೆ ದೂರಿಗೆ ಬಲ, ಸೈಕಲ್ಲಿನವನಿಗೆ ಜೈಲು. ಎಕ್ಸ್‌ರೇ ಯಂತ್ರ ಬೇರೆ ಅವತ್ತೇ ಇದ್ದಕ್ಕಿದ್ದಂತೆ ಕೆಟ್ಟಿತ್ತು.

ಸುಣ್ಣದಕ್ಕ ಅಭ್ಯಾಸಬಲದಿಂದ ಪ್ಲಾಸ್ಟರ್ ಬ್ಯಾಂಡೇಜನ್ನು ಬಕೆಟ್ಟಿನಲ್ಲಿ ನೆನೆಹಾಕಿಬಿಟ್ಟಿದ್ದಳು. ಆಮೇಲೆ ಹೆಬ್ಬೆರಳು ಆಡಿಸಿದಳು. ಊತವಿಲ್ಲ, ನೋವಿಲ್ಲ. ಅವನು ಕಿಸಕ್ಕೆಂದ, ಕಚಗುಳಿಯಾಗಿ.

"ಅಣ್ಣಾ, ಇದು ಮುರಿದಿಲ್ಲ."

"ನೀನೇನು ಡಾಕ್ಟರಾ? ಹಾಕು ಅಂದ್ರೆ ಹಾಕು."

ನಿಜವಾದ ಡಾಕ್ಟರು ಗೋಡೆಯ ಕ್ಯಾಲೆಂಡರನ್ನೇ ದಿಟ್ಟಿಸುತ್ತಿದ್ದರು. "ಹಾಕ್ಬಿಡಮ್ಮ," ಎಂದರು, "ನಮಗ್ಯಾಕೆ ಊರ ಉಸಾಬರಿ."

ಅಷ್ಟರಲ್ಲಿ ಶಾಸಕರೇ ಒಳಗೆ ಬಂದರು. ಬಂಟ ದಡಬಡಿಸಿ ಎದ್ದವನೇ ಮೂಲೆಯ ಕಬ್ಬಿಣದ ಕುರ್ಚಿಯನ್ನು ಎತ್ತಿ ತಂದು ಯಜಮಾನರ ಮುಂದಿಟ್ಟ. ಎಡಗೈಯಲ್ಲಿ! ಟವೆಲ್ಲು ಕೊರಳಲ್ಲಿ ನೇತಾಡುತ್ತಿತ್ತು. ಕೋಣೆಯಲ್ಲಿದ್ದವರೆಲ್ಲ ನೋಡಿದರು, ಯಾರೂ ನೋಡಲಿಲ್ಲ. ಸುಣ್ಣದಕ್ಕನಿಗೆ ಮಾತ್ರ ನಗು ತಡೆಯಲಾಗಲಿಲ್ಲ.

ಶಾಸಕರು ಸಿಟ್ಟಾಗಲಿಲ್ಲ. ಬೆಣ್ಣೆಯಂಥ ದನಿಯಲ್ಲಿ ಕೇಳಿದರು: "ನಿಂದು ಕಾಂಟ್ರಾಕ್ಟ್ ಕೆಲ್ಸ ಅಲ್ವಾ ತಾಯಿ?"

ಸೈಕಲ್ಲಿನವನು ಅವಳಿಗೆ ನೆಂಟನಲ್ಲ, ಸ್ನೇಹಿತನೂ ಅಲ್ಲ. ಚೇನು ಹಾಕಿಸಲು ಹೋದರೆ ಚೌಕಾಸಿಗೆ ಕೂರುವ ಜಿಪುಣ. ಆದರೂ ಆ ಮೂಳೆ ನೆಟ್ಟಗಿರುವುದು ಅವಳ ಹೆಬ್ಬೆರಳಿಗೆ ಗೊತ್ತಾಗಿಹೋಗಿತ್ತು.

"ಹೌದು ಸಾರ್. ಮುರಿದ ಕೈಗೆ ಹಾಕೋ ಕಾಂಟ್ರಾಕ್ಟು," ಎಂದಳು.

ಬಕೆಟ್ಟಿನಲ್ಲಿದ್ದ ಬ್ಯಾಂಡೇಜು ಅಲ್ಲೇ ಕಲ್ಲಾಯಿತು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಅವಳ ಮುಖ ನೋಡದೆಯೇ, ನಾಳೆಯಿಂದ ಬರಬೇಡ ಎಂದರು.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೂತಿದ್ದರು. "ಯಾಕೆ ಇಷ್ಟು ಬೇಗ? ಓಡಿಸಿದ್ರಾ?"

"ಹ್ಞೂಂ ಅತ್ತೆ."

"ಸರಿ, ಕೈ ತೊಳ್ಕೋ, ಮೊದಲು ಊಟ ಮಾಡು. ಅವರ ಬಾಯಿಗೆ ಮಣ್ಣು ಹಾಕೋದು ಆಮೇಲೆ."

ಬಸ್ ಕಂಡಕ್ಟರ್ ಆಗಿದ್ದ ಗಂಡ ಸಂಜೆ ಬಂದು ಎಲ್ಲ ಕೇಳಿದ. ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಅವಳ ಒರಟು ಅಂಗೈ ತೆಗೆದುಕೊಂಡು ಸುಮ್ಮನೆ ಉಜ್ಜುತ್ತ ಕೂತ.

"ಹೆದರಿಕೆ ಆಗ್ಲಿಲ್ವೇನೇ?"

"ಆಗದೆ ಏನು? ಬಿದ್ದೇ ಹೋಗ್ತೀನೇನೋ ಅಂತ ಮೇಜು ಹಿಡ್ಕೊಂಡು ನಿಂತಿದ್ದೆ."

ಇಬ್ಬರೂ ನಕ್ಕರು. ನಗುತ್ತಲೇ ಅವಳು ಎದ್ದು ಇಸ್ತ್ರಿಪೆಟ್ಟಿಗೆ ಕಾಯಲು ಇಟ್ಟು, ಚೀಲದಿಂದ ಬಿಳಿ ಕೋಟು ತೆಗೆದಳು.

"ಕೆಲ್ಸಾನೇ ಹೋಯ್ತು, ಇನ್ನು ಕೋಟ್ಯಾಕೆ?"

"ನಾಳೆ ಠಾಣೆಗೆ ಹೋಗ್ಬೇಕು. ಆ ಬಂಟ ಬೇರೆ ಎಲ್ಲಾದ್ರೂ ಪ್ಲಾಸ್ಟರ್ ಹಾಕಿಸ್ಕೊಂಡು ಬರ್ತಾನೆ. ಕೈ ಮುಟ್ಟಿ ನೋಡಿದವಳು ನಾನು. ನಾನೇ ಹೇಳ್ಬೇಕಲ್ಲ."

ಗಂಡ ಎದ್ದು ಕೋಟನ್ನು ಅವಳ ಮುಂದೆ ಹರವಿದ. ಆಮೇಲೆ, "ಒಬ್ಳೇ ಹೋಗ್ಬೇಡ. ನಾನು ರಜ ಹಾಕ್ತೀನಿ," ಎಂದ.

ಅವಳು ಕೋಟಿನ ಮೇಲೆ ನೀರು ಚಿಮುಕಿಸಿ, ಕಾಲರಿನ ಸುಕ್ಕನ್ನು ಬೆರಳಿಂದ ಎಳೆದು ಬಿಡಿಸಿ, ಇಸ್ತ್ರಿ ಒತ್ತಿದಳು.